ಹಣ್ಣಿನ ಟೋಸ್ಟ್ ಯಾಕೆ ಮೆತ್ತಗಾಗ್ತದೆ? ಹೊಂಬಳದ ಕುಬಸದ ಮನೆಯಲ್ಲಿ ಸಿಕ್ಕ ಉತ್ತರ

ಹೋದ ಸಂಚಿಕೆಯಲ್ಲಿ ಪಾರ್ಟಿಗೆ ಮಾಡುವ ಹಣ್ಣಿನ ಟೋಸ್ಟ್ ಬಗ್ಗೆ ಒಂದು ಮಾತು ಹೇಳಿ ಬಿಟ್ಟಿದ್ದೆ. ಆಮೇಲೆ ನೀವು ಕೇಳಿದ್ದು ಹೆಚ್ಚುಕಡಿಮೆ ಒಂದೇ ಪ್ರಶ್ನೆ: "ಮಾಡಿದ ಅರ್ಧ ತಾಸಿಗೇ ಮೆತ್ತಗಾಗ್ತಾವಲ್ರಿ, ಏನ್ ಮಾಡೂದು?" ಇದರ ಉತ್ತರ ಕಲಿಯಲು ನನಗೆ 870 ರೂಪಾಯಿ ಖರ್ಚಾಗಿದೆ. ಇವತ್ತು ಅದೇ ಕತೆ.

ತಿನಿಸು ಗೊತ್ತಿಲ್ಲದವರಿಗೆ ಎರಡು ಮಾತು. ಬ್ರೆಡ್ಡಿನ ಸಣ್ಣ ತುಂಡನ್ನು ಗರಿಗರಿಯಾಗಿ ಸುಟ್ಟು, ಬೆಣ್ಣೆನೋ ಚೀಸೋ ಹಚ್ಚಿ, ಮೇಲೆ ಹಣ್ಣು ಇಡೋದು. ಊಟಕ್ಕೆ ಮೊದಲು ನಿಂತಲ್ಲೇ ಒಂದೆರಡು ಬಾಯಿಗೆ ಹಾಕ್ಕೊಳ್ಳೋದು. ಇಟಲಿಯವರು ಇಂಥ ಸಣ್ಣ ತುಂಡಿಗೆ ಕ್ರೊಸ್ಟಿನಿ ಅಂತಾರೆ. ಬೆಳ್ಳುಳ್ಳಿ ತಿಕ್ಕಿ ಆಲಿವ್ ಎಣ್ಣೆ ಹಾಕಿದರೆ ಬ್ರುಸ್ಕೆಟ್ಟಾ. ಕೆಂಡದ ಮೇಲೆ ಸುಡೋದು ಅನ್ನೋ ಅರ್ಥದ ಮಾತಿನಿಂದ ಬಂದ ಹೆಸರು ಅದು. ಒಲಿ ಮುಂದೆ ರೊಟ್ಟಿ ಆನಿಸಿ ನಿಲ್ಲಿಸುವ ನಮಗೆ ಇದೇನು ಹೊಸದಲ್ಲ ಬಿಡ್ರಿ.

ಮನೆಯಲ್ಲಿ ಏಳೆಂಟು ಜನಕ್ಕೆ ಮಾಡಿದ್ದೆ. ಎಲ್ಲರೂ ಹೊಗಳಿದರು. ಆ ಧೈರ್ಯದ ಮೇಲೆ ಗದಗಿನಲ್ಲಿ ಒಂದು ಮಗುವಿನ ಬರ್ತ್‌ಡೇ ಪಾರ್ಟಿಗೆ 150 ತುಂಡಿನ ಆರ್ಡರ್ ಹಿಡಿದೆ. ತುಂಡಿಗೆ 10 ರೂಪಾಯಿ, 500 ಅಡ್ವಾನ್ಸ್. ಮಧ್ಯಾಹ್ನ 3ಕ್ಕೆ ಹೊಂಬಳದಲ್ಲೇ ಎಲ್ಲಾ ಜೋಡಿಸಿ, ಬೆಣ್ಣೆ ಹಚ್ಚಿ, ಪಪ್ಪಾಯಿ, ಕಿತ್ತಳೆ, ದಾಳಿಂಬೆ ಇಟ್ಟು, ಮೇಲೆ ಉಪ್ಪು-ಖಾರ ಉದುರಿಸಿ, ಡಬ್ಬಿಯಲ್ಲಿ ಒಂದರ ಮೇಲೊಂದು ಪದರ ಮಾಡಿ ಆಟೋದಲ್ಲಿ ಒಯ್ದೆ. ಪಾರ್ಟಿ ಇದ್ದದ್ದು ಸಂಜೆ ಆರೂವರೆಗೆ. ಡಬ್ಬಿ ತೆಗೆದರೆ ತಳದಲ್ಲಿ ನೀರು. ಒಂದು ಹುಡುಗಿ ತುಂಡು ಎತ್ತಿದ್ದೇ ತಡ, ಅದು ಮಡಚಿಕೊಂಡು ಹಣ್ಣೆಲ್ಲಾ ಹೊಸ ಫ್ರಾಕಿನ ಮೇಲೆ ಬಿತ್ತು. ಮನೆಯವರು ಏನೂ ಅನ್ನಲಿಲ್ಲ. ತಟ್ಟೆಗಳನ್ನು ಮೆಲ್ಲಗೆ ಒಳಗೆ ತೊಗೊಂಡು ಹೋದರು. ಬೈದಿದ್ದರೆ ಚಲೋ ಇತ್ತು ಅನ್ನಿಸಿತು. ಅಡ್ವಾನ್ಸ್ ತಿರುಗಿ ಕೊಟ್ಟು ಬಂದೆ. ಅವ್ವ ಕೇಳಿದ್ದು ಒಂದೇ: "ಉಪ್ಪು ಯಾವಾಗ ಹಾಕಿದ್ಯೋ?"

ಬಿ.ಕಾಂ.ನಲ್ಲಿ ಕಾಸ್ಟ್ ಅಕೌಂಟಿಂಗ್ ಓದಿದವರಿಗೆ ನಾರ್ಮಲ್ ಲಾಸ್, ಅಬ್‌ನಾರ್ಮಲ್ ಲಾಸ್ ಗೊತ್ತಿರ್ತದೆ. ಹಣ್ಣಿನ ಸಿಪ್ಪೆ, ಬೀಜ ಹೋಗೋದು ನಾರ್ಮಲ್ ಲಾಸ್. ಅದನ್ನು ತಪ್ಪಿಸಾಕ ಆಗೋದಿಲ್ಲ, ರೇಟಿನಲ್ಲೇ ಹಿಡಿಬೇಕು. ನಾನು ಮೂರೂವರೆ ತಾಸು ಡಬ್ಬಿಯಲ್ಲಿಟ್ಟು ಕೆಡಿಸಿದ್ದು ಅಬ್‌ನಾರ್ಮಲ್. ಅದು ನೇರ ನನ್ನ ಕಿಸೆಯಿಂದ ಹೋಗಬೇಕು, ಹೋಯ್ತು.

ಅವ್ವನ ಪ್ರಶ್ನೆಯಲ್ಲೇ ಅರ್ಧ ಉತ್ತರ ಇತ್ತು. ಉಪ್ಪಿನಕಾಯಿಗೆ ಹೋಳು ಹೆಚ್ಚಿ ಉಪ್ಪು ಹಾಕಿದರೆ ನೀರು ಬಿಡ್ತದಲ್ಲ, ಹೆಚ್ಚಿದ ಹಣ್ಣಿಗೂ ಅದೇ ಆಗ್ತದೆ. ಸಕ್ಕರೆ ಹಾಕಿದರೂ ಅಷ್ಟೇ. ಆ ನೀರು ಬ್ರೆಡ್ಡಿಗೆ ಇಳಿಯದಂತೆ ನಡುವೆ ಜಿಡ್ಡಿನ ಪದರ ಬೇಕು. ಅಂದರೆ ಬೆಣ್ಣೆ ರುಚಿಗೆ ಮಾತ್ರ ಅಲ್ಲ, ಅಂಚಿನ ತನಕ ಹಚ್ಚಬೇಕು. ನಾನು ನಡುವೆ ಚೂರು ಸವರಿದ್ದೆ, ಉಳಿತಾಯ ಅಂತ! ಇನ್ನೊಂದು, ಸುಟ್ಟ ಬ್ರೆಡ್ಡನ್ನು ಬಿಸಿ ಇದ್ದಾಗಲೇ ಸ್ಟೀಲ್ ತಟ್ಟೆಯಲ್ಲಿ ಹರವಿದರೆ ಅದರ ಹಬೆಗೇ ತಳ ಒದ್ದೆ ಆಗ್ತದೆ. ಜಾಳಿಗೆ ಮೇಲೆ ಆರಿಸಬೇಕು.

ಇಷ್ಟೆಲ್ಲಾ ತಿಳಿದ ಮೇಲೂ ಮತ್ತೆ ಮಾಡುವ ಮನಸ್ಸು ಇರಲಿಲ್ಲ. ಎಳ್ಳಮಾಸಿ ಮುಗಿದ ವಾರ ನಮ್ಮ ಅಕ್ಕನ ಕುಬಸ ಇತ್ತು. ಆಕೆ ಹಟ ಹಿಡಿದಳು, "ತಮ್ಮಾ, ಅದs ಹಣ್ಣಿಂದು ಮಾಡು, ನನಗ ಬಾಯಿ ಕೆಟ್ಟೈತಿ." ಬಸುರಿ ಬಯಕೆ, ಇಲ್ಲ ಅನ್ನೋದು ಹೆಂಗ? ಗದಗಿನಿಂದ ಬರೋ ಚಿಗವ್ವಗೆ ಫೋನ್ ಮಾಡಿ "ಬರುವಾಗ ಟೋಸ್ಟಿಗೆ ಬೇಕಾದದ್ದು ತೊಗೊಂಡ್ ಬಾ" ಅಂದೆ. ಆಕೆ ತಂದದ್ದು ಚಹಾದಾಗ ಎದ್ದಿ ತಿನ್ನುವ ಬೇಕರಿ ಟೋಸ್ಟ್, ಎರಡು ಪಾಕೀಟು. ನಮ್ಮ ಕಡೆ ಟೋಸ್ಟ್ ಅಂದರೆ ಅದೇ ತಾನೇ, ತಪ್ಪು ನನ್ನದೇ. ಅರವತ್ತು ಮಂದಿ ಬರೋರು, ಬ್ರೆಡ್ ಇಲ್ಲ. ಅವ್ವ ರೊಟ್ಟಿ ಬುಟ್ಟಿ ಕಡೆ ಕೈ ಮಾಡಿದಳು. ಚರಗಕ್ಕೆ ಅಂತ ಮಾಡಿದ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಕಟಕ್ ಅನ್ನುವಂಥವು, ಇನ್ನೂ ಉಳಿದಿದ್ದವು.

ಖಾರದ್ದು ಹೀಗೆ ಮಾಡಿದೆ. ಸಜ್ಜಿ ರೊಟ್ಟಿ ಮುರಿದು ಎರಡು ಬೆರಳಗಲದ ತುಂಡು. ತೆಳ್ಳಗೆ ಬೆಣ್ಣೆ. ಅದರ ಮೇಲೆ ರಂಜಕ, ಹೊಸ ಕೆಂಪು ಮೆಣಸಿನಕಾಯಿದು, ಬೆಂಕಿಕಡ್ಡಿ ತುದಿಯಷ್ಟು ಸಾಕು. ಆಮೇಲೆ ಒಂದು ಚಮಚ ಚಕ್ಕಾ. ಮೊಸರನ್ನು ರಾತ್ರಿಯೆಲ್ಲಾ ಬಟ್ಟೆಯಲ್ಲಿ ಕಟ್ಟಿ ತೂಗುಬಿಟ್ಟರೆ ಉಳಿಯುವ ಗಟ್ಟಿ. ಒಂದು ಲೀಟರ್ ಮೊಸರಿನ ಚಕ್ಕಾ 50 ತುಂಡಿಗೆ ಬಂತು. ಮೇಲೆ ಪೇರಲ, ಸಣ್ಣಗೆ ಹೆಚ್ಚಿ, ಕಪ್ಪಾಗದಂತೆ ನಿಂಬೆಹುಳಿ ಸವರಿದ್ದು. ಕಡೆಗೆ ಶೇಂಗಾ ಚಟ್ನಿಪುಡಿ. ಉಪ್ಪು ಆ ಪುಡಿಯಲ್ಲೇ ಇರ್ತದೆ, ಬೇರೆ ಹಾಕಲಿಲ್ಲ.

ಸಿಹಿಗೆ ಚಿಗವ್ವನ ಟೋಸ್ಟೇ ಬಂತು. ಅದು ಎರಡು ಸಲ ಬೇಯಿಸಿ ಒಣಗಿಸಿದ ಬ್ರೆಡ್ಡು, ಬೇಕರಿಯವರು ನನ್ನ ಕೆಲಸ ಮೊದಲೇ ಮಾಡಿಟ್ಟಿದ್ದರು. ಅದಕ್ಕೂ ಬೆಣ್ಣೆ, ಮೇಲೆ ಏಲಕ್ಕಿ ಹಾಕಿದ ಶ್ರೀಖಂಡ, ಸಕ್ಕರೆ ಮಾಮೂಲಿಗಿಂತ ಅರ್ಧ, ಇಲ್ಲದಿದ್ದರೆ ತೆಳ್ಳಗಾಗ್ತದೆ. ಚಿಕ್ಕು, ದಾಳಿಂಬೆ, ಹುರಿದ ಶೇಂಗಾದ ತರಿ.

ಪಪ್ಪಾಯಿನೂ ತಂದಿಟ್ಟಿದ್ದೆ. ಬಾಜೂ ಮನಿ ಅಜ್ಜಿ ನೋಡಿ, "ಬಸುರಿ ಮನ್ಯಾಗ ಪಪ್ಪಾಯಿ ಹೆಚ್ಚಾಕ ನಿಂತಿಯಲ್ಲೋ ಮೂಳಾ!" ಅಂದರು. ವಾದ ಮಾಡಲಿಲ್ಲ. ಹೆಂಗೂ ನೀರು ಬಿಡುವ ಹಣ್ಣು, ತೆಗೆದಿಟ್ಟೆ.

ಈ ಸಲ ಮೊದಲೇ ಜೋಡಿಸಿಡಲಿಲ್ಲ. ಉಡಿ ತುಂಬುವಾಗ ಪಡಸಾಲೆ ಬಾಗಿಲಲ್ಲಿ ಮಣೆ ಹಾಕ್ಕೊಂಡು ಕೂತು, ಹತ್ತು ಹತ್ತು ಹಚ್ಚಿ ತಟ್ಟೆ ಕಳಿಸಿದೆ. ಮೂರನೇ ತಟ್ಟೆ ಅರ್ಧದಲ್ಲೇ ಖಾಲಿಯಾಗಿ ಬಂತು. ಹೆಂಗಸರು "ರೊಟ್ಟಿ ಮ್ಯಾಲೆ ಪೇರಲ ಹಣ್ಣಂತ!" ಅಂತ ನಕ್ಕರು, ನಗ್ತಾ ಇನ್ನೊಂದು ತೊಗೊಂಡರು. ಅಕ್ಕ ಖಾರದ್ದೇ ಎಂಟು ತಿಂದಳು. ಅಜ್ಜಿ ಮಾತ್ರ ಹಲ್ಲಿಲ್ಲ ಅಂತ ಮೇಲಿನ ಶ್ರೀಖಂಡ ಚಮಚದಿಂದ ತೆಗೆದು ತಿಂದು, ಟೋಸ್ಟನ್ನು ಚಹಾಕ್ಕೆ ಅಂತ ಸೆರಗಿನಲ್ಲಿ ಕಟ್ಟಿಕೊಂಡರು.

ಬ್ರೆಡ್ಡೇ ಬೇಕು ಅನ್ನುವವರು ಹಿಂದಿನ ದಿನದ ಬ್ರೆಡ್ ತೊಗೊಳ್ರಿ. ಒಂದನ್ನು ನಾಲ್ಕು ಮಾಡಿ, ಹಂಚಿನ ಮೇಲೆ ಸಣ್ಣ ಉರಿಯಲ್ಲಿ ಎರಡೂ ಬದಿ ಪೂರಾ ಒಣಗಿಸ್ರಿ. ಕಂದು ಬಣ್ಣ ಬಂತು ಅಂತ ಬೇಗ ತೆಗೆಯಬ್ಯಾಡ್ರಿ, ಒಳಗಿನ ಮೆತು ಹೋಗಬೇಕು. ಬಾಳೆಹಣ್ಣಾದರೆ ಕೊಡುವ ಹೊತ್ತಿಗೇ ಹೆಚ್ರಿ.

ಕುಬಸಕ್ಕೆ ಬಂದಿದ್ದವರೊಬ್ಬರು ಮುಂದಿನ ತಿಂಗಳಿಗೆ 80 ತುಂಡು ಕೇಳಿದ್ದಾರೆ, ಗದಗಿನಲ್ಲೇ. ರೊಟ್ಟಿ ಒಂದು ಡಬ್ಬಿ, ಚಕ್ಕಾ ಇನ್ನೊಂದು ಡಬ್ಬಿ, ಹಣ್ಣು ಇಡಿಯಾಗಿ ಒಯ್ತೀನಿ. ಅಲ್ಲೇ ನಿಂತು ಹಚ್ಚಿ ಕೊಡ್ತೀನಿ, ಅದಕ್ಕೆ ತುಂಡಿಗೆ 2 ರೂಪಾಯಿ ಹೆಚ್ಚಿಗೆ ಅಂತ ಮೊದಲೇ ಹೇಳಿದ್ದೀನಿ. ಒಪ್ಪಿದ್ದಾರೆ.