ಮನೆಗೆ ಹೇಳದ ಲೆಕ್ಕ

(ಬಹರೈನ್ ರಾಷ್ಟ್ರೀಯ ದಿನದ ರಜೆಯಲ್ಲಿ, ಡಿಸೆಂಬರ್ 2024ರಂದು ಮನಾಮದಲ್ಲಿ ನಡೆದ ಕುಟುಂಬ ಸಂಗಮದಲ್ಲಿ ಮಾಡಿದ ಭಾಷಣ)



ವೇದಿಕೆಯಲ್ಲಿರುವ ಹಿರಿಯರೇ, ಎದುರಿಗೆ ಕುಳಿತಿರುವ ಸಹೋದರ ಸಹೋದರಿಯರೇ, ಬಿರಿಯಾನಿ ಯಾವಾಗ ಅಂತ ಹಿಂದಿನ ಸಾಲಿನಲ್ಲಿ ಕಾಯುತ್ತಿರುವ ಮಕ್ಕಳೇ,

ವರ್ಷ ಮುಗಿಯುತ್ತಾ ಬಂತು, ಅಕೌಂಟೆಂಟ್ ಆದ ನೀವು ಲೆಕ್ಕದ ಬಗ್ಗೆ ಏನಾದರೂ ಹೇಳಿ ಅಂತ ಕಾರ್ಯದರ್ಶಿಯವರು ಹೇಳಿದರು. ಕಂಪೆನಿಯ ಲೆಕ್ಕ ಹೇಳಿದರೆ ನೀವು ನಿದ್ದೆ ಮಾಡುತ್ತೀರಿ. ಅದಕ್ಕೆ ನನ್ನ ಮನೆಯ ಲೆಕ್ಕವನ್ನೇ ಹೇಳುತ್ತೇನೆ. ಮನೆಯವಳ ಒಪ್ಪಿಗೆ ತೆಗೆದುಕೊಂಡೇ ಬಂದಿದ್ದೇನೆ. "ಹೇಳಿ, ಆದರೆ ನನ್ನ ಬಳೆಯ ವಿಷಯವನ್ನೂ ಸರಿಯಾಗಿ ಹೇಳಿ" ಅಂದಿದ್ದಾಳೆ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ನಾನು ಈ ದೇಶಕ್ಕೆ ಬಂದು ಹತ್ತೊಂಬತ್ತು ವರ್ಷ ಆಯಿತು. ಮಂಗಳೂರಿನಲ್ಲಿ ಬಿ.ಕಾಂ. ಮುಗಿಸಿ, ಎರಡು ವರ್ಷ ಅಲ್ಲೇ ಒಂದು ಅಂಗಡಿಯ ಲೆಕ್ಕ ಬರೆದು, ಆಮೇಲೆ ಬಂದವನು. ನಮ್ಮ ಕಂಪೆನಿಯ ಸಂಬಳದ ಪಟ್ಟಿ ತಯಾರಿಸುವುದು ನಾನೇ. ಯಾರಿಗೆ ಎಷ್ಟು ಓಟಿ, ಯಾರಿಗೆ ಎಷ್ಟು ಕಟ್, ಫಿಲ್ಸ್ ಲೆಕ್ಕದಲ್ಲೂ ತಪ್ಪು ಆಗಬಾರದು. ಆ ಪಟ್ಟಿಯಲ್ಲಿ ನನ್ನ ಹೆಸರೂ ಇದೆ. ಈ ಫೆಬ್ರವರಿಯ ಸಂಬಳ ಮಾರ್ಚ್ ಮೊದಲ ವಾರ ಬರಬೇಕಿತ್ತು, ಬರಲಿಲ್ಲ. ಬ್ಯಾಂಕಿನಲ್ಲಿ ಹಣ ಇಲ್ಲ ಅಂತ ಎಲ್ಲರಿಗಿಂತ ಮೊದಲು ಗೊತ್ತಿದ್ದದ್ದು ನನಗೆ. ಕ್ಯಾಂಪಿನ ಹುಡುಗರು ಬಂದು "ಸಾಬ್, ಈ ವಾರ ಆಗಬಹುದಾ?" ಅಂತ ಕೇಳುವುದು, ನಾನು "ಆಗುತ್ತದೆ, ಇನ್ಶಾ ಅಲ್ಲಾಹ್" ಅನ್ನುವುದು. ಇನ್ಶಾ ಅಲ್ಲಾಹ್ ಎಂಬ ಮಾತನ್ನು ಹಾಗೆ ಉಪಯೋಗಿಸಿದ್ದಕ್ಕೆ ನನಗೆ ಈಗಲೂ ಬೇಸರ ಇದೆ.

ಅದೇ ಮಾರ್ಚ್ 1ರಿಂದ ಇಲ್ಲಿ ಹೊಸ ನಿಯಮ ಬಂತು. ನಿಮ್ಮಲ್ಲಿ ಎಷ್ಟೋ ಜನ ಈಗಲೂ ಗೊಂದಲದಲ್ಲಿದ್ದೀರಿ, ಆದ್ದರಿಂದ ನಡುವೆ ಒಂದು ನಿಮಿಷ ಅದನ್ನು ಹೇಳಿಬಿಡುತ್ತೇನೆ. ಮೊದಲು ನಾವು ಕೆಲಸ ಬಿಡುವಾಗ ಸರ್ವಿಸ್ ಹಣ ಕಂಪೆನಿಯೇ ಕೊಡಬೇಕಿತ್ತು. ಮೊದಲ ಮೂರು ವರ್ಷಕ್ಕೆ ವರ್ಷಕ್ಕೆ ಅರ್ಧ ತಿಂಗಳು, ಆಮೇಲೆ ವರ್ಷಕ್ಕೆ ಒಂದು ತಿಂಗಳ ಸಂಬಳ. ಈಗ ಕಂಪೆನಿ ಅದನ್ನು ತಿಂಗಳು ತಿಂಗಳು ಸಿಯೋಗೆ, ಅಂದರೆ ಸೋಷಿಯಲ್ ಇನ್ಶೂರೆನ್ಸ್ ಆರ್ಗನೈಸೇಷನ್‌ಗೆ ಕಟ್ಟಬೇಕು. ಸೇವೆ ಮೂರು ವರ್ಷದ ಒಳಗಿದ್ದರೆ ನೂರಕ್ಕೆ 4.2, ಮೂರು ವರ್ಷ ದಾಟಿದ್ದರೆ 8.4. 120 ದಿನಾರ್ ಸಂಬಳದವನಿಗೆ ತಿಂಗಳಿಗೆ 5 ದಿನಾರ್ 40 ಫಿಲ್ಸ್, ಹಳಬನಾದರೆ 10 ದಿನಾರ್ 80 ಫಿಲ್ಸ್. ಇದು ಕಂಪೆನಿಯ ಕೈಯಿಂದ ಹೋಗುವ ಹಣ, ನಿಮ್ಮ ಸಂಬಳದಿಂದ ಕಟ್ ಮಾಡುವಂತಿಲ್ಲ. ನಿಮ್ಮಿಂದ ಹೋಗುವುದು ನಿರುದ್ಯೋಗ ವಿಮೆಯ ನೂರಕ್ಕೆ 1 ಮಾತ್ರ. ಇನ್ನೊಂದು ಮಾತು. ಮಾರ್ಚ್‌ಗೆ ಮುಂಚಿನ ವರ್ಷಗಳ ಹಣ ಸಿಯೋದಲ್ಲಿ ಇಲ್ಲ, ಅದನ್ನು ಕಂಪೆನಿಯೇ ಕೊಡಬೇಕು. ನಮ್ಮಲ್ಲಿ ಒಬ್ಬ ಹುಡುಗ ಮೇ ತಿಂಗಳಲ್ಲಿ ಊರಿಗೆ ಹೊರಟ. ಎಲ್ಲವೂ ಸಿಯೋದಿಂದಲೇ ಬರುತ್ತದೆ ಅಂದುಕೊಂಡು ಹಳೇ ಲೆಕ್ಕ ಕೇಳದೇ ಸಹಿ ಹಾಕಲು ಹೊರಟಿದ್ದ. ಕೈ ಹಿಡಿದು ನಿಲ್ಲಿಸಿದೆ. ಈ ವರ್ಷ ನಾನು ಮಾಡಿದ ಒಳ್ಳೆಯ ಕೆಲಸ ಅಂತ ಏನಾದರೂ ಇದ್ದರೆ ಅದೊಂದು.

ಇನ್ನು ನನ್ನ ಕಥೆ. ರಂಜಾನ್ ಇಲ್ಲಿ ಮಾರ್ಚ್ 11ಕ್ಕೆ ಶುರುವಾಯಿತು, ಊರಲ್ಲಿ 12ಕ್ಕೆ. ಆದರೆ ಪೆರ್ನಾಲ್ ಇಲ್ಲಿಯೂ ಊರಲ್ಲಿಯೂ ಒಂದೇ ದಿನ, ಏಪ್ರಿಲ್ 10. ಅದೇ ದಿನ ದ್ವಿತೀಯ ಪಿಯುಸಿ ಫಲಿತಾಂಶ. ನಮ್ಮ ದೊಡ್ಡ ಮಗಳು ಕಾಮರ್ಸ್‌ನಲ್ಲಿ ಪರೀಕ್ಷೆ ಬರೆದಿದ್ದಳು. ಇಲ್ಲಿ ಬೆಳಿಗ್ಗೆ ಎಂಟೂವರೆ ಆಗಿರಬಹುದು, ನಮಾಜ್ ಮುಗಿಸಿ ಬಂದು ಮಲಗಿದ್ದೆ. ಫೋನಿನಲ್ಲಿ ಅವಳ ಕಿರುಚಾಟ! ಡಿಸ್ಟಿಂಕ್ಷನ್. ನಮ್ಮ ದಕ್ಷಿಣ ಕನ್ನಡ ಜಿಲ್ಲೆ 97.37 ತೆಗೆದುಕೊಂಡು ರಾಜ್ಯಕ್ಕೆ ಮೊದಲು ಬಂದಿತ್ತು, ಆದರೆ ನನಗೆ ಜಿಲ್ಲೆ ಗಿಲ್ಲೆ ಏನೂ ಕಾಣಲಿಲ್ಲ, ಮಗಳು ಮಾತ್ರ. "ಅಬ್ಬಾ, ನಾನು ಸಿಎ ಮಾಡಲಾ?" ಅಂದಳು. "ಮಾಡು ಮಗಳೇ" ಅಂದೆ. ಆ ಹೊತ್ತು ನನ್ನ ಖಾತೆಯಲ್ಲಿ ಇದ್ದದ್ದು 11 ದಿನಾರ್.

ಮನೆಗೆ ಪ್ರತಿ ತಿಂಗಳು 5ನೇ ತಾರೀಕಿಗೆ 180 ದಿನಾರ್ ಕಳಿಸುವುದು ನನ್ನ ಕ್ರಮ. ಸಂಬಳ ಬರಲಿ ಬಾರದಿರಲಿ, ಅದನ್ನು ತಪ್ಪಿಸಲಿಲ್ಲ. ಹೇಗೆ? ಕೈಸಾಲ. ರೂಮಿನವರಿಂದ, ಗುದೈಬಿಯಾದ ಗೆಳೆಯರಿಂದ. ಆಗಸ್ಟ್ ಹೊತ್ತಿಗೆ 620 ದಿನಾರ್ ಆಯಿತು. ಅದರಲ್ಲಿ 60 ಕೊಟ್ಟವನು ಕೆಫೆಟೇರಿಯಾದಲ್ಲಿ ಚಹಾ ಮಾಡುವ ಹುಡುಗ, ಅವನ ಸಂಬಳ ನನ್ನ ಸಂಬಳದ ಮೂರನೇ ಒಂದು ಭಾಗ ಕೂಡ ಇಲ್ಲ. ಅವನ ಎದುರು ಚಹಾ ಕುಡಿಯುವಾಗ ಕಪ್ಪಿನಿಂದ ತಲೆ ಎತ್ತುತ್ತಿರಲಿಲ್ಲ. ಮನೆಯಲ್ಲಿ ಮಾತ್ರ "ಎಲ್ಲ ಖೈರ್".

ಜೂನ್ 12 ನಿಮಗೆಲ್ಲ ನೆನಪಿದೆ. ಕುವೈತಿನ ಮಂಗಾಫ್‌ನಲ್ಲಿ ಕಾರ್ಮಿಕರು ಮಲಗಿದ್ದ ಕಟ್ಟಡಕ್ಕೆ ಬೆಂಕಿ ಬಿದ್ದು ಎಷ್ಟೋ ಭಾರತೀಯರು ಹೋದರು. ಅದೇ ದಿನ ನಮ್ಮ ಮನಾಮದ ಹಳೇ ಸೂಕ್‌ನಲ್ಲೂ ಬೆಂಕಿ. ರಾತ್ರಿ ಉಮ್ಮ ಫೋನ್ ಮಾಡಿದರು. ಟಿವಿ ನೋಡಿ ಹೆದರಿದ್ದರು. ಬೇರೆ ಏನೂ ಕೇಳಲಿಲ್ಲ. "ಮೋನೆ, ನಿನ್ನ ರೂಮಿಗೆ ಎಷ್ಟು ಬಾಗಿಲು?" ಅಂತ ಕೇಳಿದರು. ಎರಡು ಅಂದೆ. ಇರುವುದು ಒಂದು. ಹತ್ತೊಂಬತ್ತು ವರ್ಷದಲ್ಲಿ ನಾನೇ ಆ ಲೆಕ್ಕ ಮಾಡಿರಲಿಲ್ಲ. ಮರುದಿನ ರೂಮಿನವರು ಸೇರಿ ಮೆಟ್ಟಿಲಲ್ಲಿ ಇಟ್ಟಿದ್ದ ಹಳೇ ಫ್ರಿಜ್, ಮುರಿದ ಸೈಕಲ್ ಎಲ್ಲ ಎಳೆದು ಹೊರಗೆ ಹಾಕಿದೆವು. ಗ್ಯಾಸ್ ಸಿಲಿಂಡರನ್ನು ಬಾಗಿಲ ಹತ್ತಿರದಿಂದ ತೆಗೆದೆವು. ನಿಮ್ಮ ಮೆಟ್ಟಿಲು ಹೇಗಿದೆ ಅಂತ ಇವತ್ತು ಹೋಗಿ ನೋಡಿ.

ಜೂನ್ ಕೊನೆಗೆ ಉಮ್ಮ ಅಂಗಳದ ಪಾಚಿಯಲ್ಲಿ ಜಾರಿ ಬಿದ್ದರು. ಸೊಂಟದ ಮೂಳೆ. ಆಪರೇಷನ್ ಆಗಲೇಬೇಕು ಅಂದರು. ನಾನು ಇಲ್ಲಿ ಕುರ್ಚಿಯ ತುದಿಯಲ್ಲಿ ಕೂತು, ಯಾರ ಬಳಿ ಕೇಳಲಿ, ಎಲ್ಲರ ಬಳಿ ಕೇಳಿ ಆಯಿತಲ್ಲ ಅಂತ ಯೋಚಿಸುತ್ತಿದ್ದೆ. ಮನೆಯವಳೇ ಫೋನ್ ಮಾಡಿ "ನೀವು ಚಿಂತೆ ಮಾಡಬೇಡಿ, ನನ್ನ ಹತ್ತಿರ ಸ್ವಲ್ಪ ಉಳಿಸಿದ್ದು ಇದೆ, ಅಣ್ಣನೂ ಕೊಡುತ್ತಾನೆ" ಅಂದಳು. ನಂಬಿದೆ. ನಂಬುವುದು ಆಗ ನನಗೆ ಅನುಕೂಲವಾಗಿತ್ತು, ಸತ್ಯ ಹೇಳಬೇಕಲ್ಲ. ಆಪರೇಷನ್ ಚೆನ್ನಾಗಿ ಆಯಿತು, ಅಲ್‌ಹಮ್ದುಲಿಲ್ಲಾಹ್. ಉಮ್ಮ ಈಗ ವಾಕರ್ ಹಿಡಿದು ಅಡುಗೆ ಮನೆಯವರೆಗೆ ಹೋಗಿ ಎಲ್ಲರನ್ನೂ ಬೈಯುತ್ತಾರೆ.

ಸೆಪ್ಟೆಂಬರ್‌ನಲ್ಲಿ ಕಂಪೆನಿಗೆ ದೊಡ್ಡದೊಂದು ಬಿಲ್ಲಿನ ಹಣ ಬಂತು. ಬಾಕಿ ಸಂಬಳದಲ್ಲಿ ಹೆಚ್ಚಿನದು ಸಿಕ್ಕಿತು. ಮೊದಲು ಚಹಾದ ಹುಡುಗನ 60 ಕೊಟ್ಟೆ, ಆಮೇಲೆ ಉಳಿದವರದು. ಅಕ್ಟೋಬರ್‌ನಲ್ಲಿ ಹದಿನೈದು ದಿನದ ರಜೆಗೆ ಊರಿಗೆ ಹೋದೆ. ಮೂರನೇ ದಿನ ರೇಷನ್ ಕಾರ್ಡ್ ಹುಡುಕುವಾಗ ಅದರ ಕವರಿನಲ್ಲಿ ಒಂದು ರಶೀದಿ ಸಿಕ್ಕಿತು. ಸೊಸೈಟಿಯದು. ಜುಲೈ 3. ಆರು ಬಳೆ ಅಡವು, 1,40,000 ರೂಪಾಯಿ.

ನನಗೆ ಮೊದಲು ಬಂದದ್ದು ಸಿಟ್ಟು. ಬಡ್ಡಿಯ ಬಗ್ಗೆ ಅಷ್ಟೊಂದು ಉಪದೇಶ ಕೇಳಿದ ಮನೆ ನಮ್ಮದು. "ನನ್ನನ್ನು ಒಂದು ಮಾತು ಕೇಳಬಾರದಿತ್ತಾ?" ಅಂದೆ. ಅವಳು ಅಕ್ಕಿ ಆರಿಸುತ್ತಿದ್ದಳು, ತಲೆ ಎತ್ತದೇ ಹೇಳಿದಳು: "ನಿಮ್ಮ ಹತ್ತಿರ ಇರಲಿಲ್ಲ ಅಂತ ಗೊತ್ತಿತ್ತು."

ಹೇಗೆ ಗೊತ್ತು? ದುಡ್ಡು 5ನೇ ತಾರೀಕಿಗೇ ಬರುತ್ತಿತ್ತಲ್ಲ?

"ಮೊದಲೆಲ್ಲ ದುಡ್ಡು ಕಳಿಸುವಾಗ ನೀವು ರೇಟಿನ ಬಗ್ಗೆ ಅರ್ಧ ಗಂಟೆ ಮಾತಾಡುತ್ತಿದ್ದಿರಿ. ಇವತ್ತು ಹತ್ತು ಪೈಸೆ ಹೆಚ್ಚು ಸಿಕ್ಕಿತು, ಎರಡು ದಿನ ಕಾದದ್ದು ಒಳ್ಳೆದಾಯಿತು ಅಂತ. ಮಾರ್ಚ್‌ನಿಂದ ರೇಟಿನ ಸುದ್ದಿಯೇ ಇಲ್ಲ."

ನೋಡಿ, ನಾನು ಲೆಕ್ಕದವನು. ಈ ವರ್ಷದ ಮೊದಲಿಗೆ ದಿನಾರಿಗೆ 221 ರೂಪಾಯಿಯ ಆಸುಪಾಸು ಇತ್ತು, ಈಗ 225 ದಾಟಿದೆ. ಅದನ್ನು ದಿನಾ ನೋಡುವವನು ನಾನು. ಸಾಲದ ಹಣ ಕಳಿಸುವಾಗ ರೇಟ್ ನೋಡುವ ಮನಸ್ಸು ಎಲ್ಲಿರುತ್ತದೆ? ಮೂರು ಸಾವಿರ ಕಿಲೋಮೀಟರಿಗೆ ಹತ್ತಿರದ ದೂರದಲ್ಲಿ ಕೂತು ಅವಳು ನನ್ನ ಪುಸ್ತಕ ಆಡಿಟ್ ಮಾಡಿದ್ದಳು.

ಅಂದು ಸಂಜೆ ಇಬ್ಬರೂ ಕೂತೆವು. ನಾನು 620 ಹೇಳಿದೆ, ಅವಳು 1,40,000 ಹೇಳಿದಳು. ಅಣ್ಣನ ಹತ್ತಿರ ಅವಳು ಕೇಳಿರಲೇ ಇಲ್ಲ. ಕೇಳಿದರೆ "ಗಲ್ಫಿನಲ್ಲಿ ಭಾವ ಇರುವಾಗ ನಿನಗೇನು ಕಷ್ಟ" ಅನ್ನುತ್ತಾರೆ ಅಂತ. ನನ್ನ ಮರ್ಯಾದೆ ಉಳಿಸಲು ಬಳೆ ಇಟ್ಟಳು, ಅವಳ ನೆಮ್ಮದಿ ಉಳಿಸಲು ನಾನು ಸಾಲ ಮಾಡಿದೆ. ಬಡ್ಡಿಗೆ ಹೋದದ್ದು ನಾಲ್ಕೂವರೆ ಸಾವಿರ. ನಡುವೆ ಮಗಳು ಬಂದು ಬಾಗಿಲಲ್ಲಿ ನಿಂತು ಎಲ್ಲ ಕೇಳಿದಳು. ಒಳಗೆ ಹೋಗಿ ಅವಳ ಒಂದು ನೋಟ್‌ಬುಕ್ ತಂದಳು. "ಬಂದದ್ದು, ಹೋದದ್ದು, ಕೊಡಲು ಬಾಕಿ" ಅಂತ ಮೂರು ಗೀಟು ಎಳೆದಳು. ಮೊದಲ ಪುಟದಲ್ಲೇ ನನ್ನ ಕೂಡಿಸಿದ ಲೆಕ್ಕದಲ್ಲಿ ತಪ್ಪು ಹಿಡಿದಳು, ಅದನ್ನು ಇಲ್ಲಿ ಹೇಳಬಾರದಿತ್ತು.

ಬಳೆ ನವೆಂಬರ್‌ನಲ್ಲಿ ಬಿಡಿಸಿ ಆಯಿತು. ಆರೂ ಇವೆ. ಈಗ ಸರಿಯಾಗಿ ಹೇಳಿದ್ದೇನೆ ಅಂದುಕೊಳ್ಳುತ್ತೇನೆ. ಕಂಪೆನಿಯಲ್ಲಿ ನನಗೆ ಇನ್ನೂ ಒಂದು ತಿಂಗಳ ಸಂಬಳ ಬಾಕಿ ಇದೆ, ಸಿಗುತ್ತದೋ ಇಲ್ಲವೋ. ಬೇರೆ ಕೆಲಸವನ್ನೂ ನೋಡುತ್ತಿದ್ದೇನೆ, ಅದೂ ಮನೆಯಲ್ಲಿ ಗೊತ್ತಿದೆ. ಈ ತಿಂಗಳು ಸಂಬಳ 9ಕ್ಕೆ ಬಂತು. 5ನೇ ತಾರೀಕಿಗೆ ಹಣ ಹೋಗಲಿಲ್ಲ, ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ. ಫೋನ್ ಮಾಡಿ ಹೇಳಿದೆ. "ಆಯಿತು, 140 ಸಾಕು, ಈ ತಿಂಗಳು ಉಮ್ಮನ ಮಾತ್ರೆ ಕಮ್ಮಿ ಮಾಡಿದ್ದಾರೆ. ರೇಟ್ ಎಷ್ಟಿದೆ?" ಅಂದಳು. ಅರ್ಧ ಗಂಟೆ ಮಾತಾಡಿದೆವು.

ಕೊನೆಗೆ ಒಂದು ಪ್ರಕಟಣೆ. ಮುಂದಿನ ಶುಕ್ರವಾರ ಅಸರ್ ನಮಾಜ್ ಆದ ಮೇಲೆ ನಾನು ನಮ್ಮ ಕಚೇರಿಯಲ್ಲಿ ಕೂತಿರುತ್ತೇನೆ. ಸಿಯೋದಲ್ಲಿ ಕಂಪೆನಿ ಹಣ ಕಟ್ಟಿದೆಯಾ ಅಂತ ನೋಡಬೇಕಾದವರು ಸಿಪಿಆರ್ ಕಾರ್ಡ್ ಮತ್ತು ಫೋನ್ ತನ್ನಿ. ಮನೆಗೆ ಹೇಗೆ ಹೇಳುವುದು ಅಂತ ಗೊತ್ತಾಗದೇ ಇರುವವರೂ ಬನ್ನಿ, ಚಹಾ ಕುಡಿಯುತ್ತಾ ಮಾತಾಡುವ. ಚಹಾ ಆ ಹುಡುಗನ ಅಂಗಡಿಯಿಂದಲೇ ತರಿಸುತ್ತೇನೆ.