ಸರ್ಕಾರದ ತಳಿ, ಕಂಪನಿಯ ಪಾಕೀಟು

(ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ನಮ್ಮ ಜಿಲ್ಲೆಯಲ್ಲಿ ಕ್ರಾಸಿಂಗ್ ಮಾಡಿ ಬೀಜ ಬೆಳೆಯುವುದನ್ನು ನೀವೆಲ್ಲ ನೋಡಿದ್ದೀರಿ. ಹೆಣ್ಣು ಗಿಡದ ಮೊಗ್ಗಿನ ಕೇಸರ ಕಿತ್ತು, ಗಂಡು ಗಿಡದ ಪರಾಗ ಹಚ್ಚಬೇಕು. ಆ ಎರಡು ತಳಿ ಯಾರ ಬಳಿ ಇವೆಯೋ, ಬೀಜ ಅವರದು.

ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ ‘ಅರ್ಕಾ ರಕ್ಷಕ್’ ಎಂಬ ಟೊಮ್ಯಾಟೊ ಹೈಬ್ರಿಡ್ ಮಾಡಿತು. ಎಲೆ ಮುಟುರು ನಂಜು, ದುಂಡಾಣು ಸೊರಗು, ಅಂಗಮಾರಿ, ಈ ಮೂರನ್ನೂ ಅದು ತಡೆದುಕೊಳ್ಳುತ್ತದೆ. ಆದರೆ ನಾಡಿಗೆಲ್ಲ ಸಾಲುವಷ್ಟು ಬೀಜ ಮಾಡುವುದು ಒಂದೇ ಸಂಸ್ಥೆಯಿಂದ ಆಗದ ಮಾತು. ಆದ್ದರಿಂದ ಶುಲ್ಕ ಪಡೆದು ಬೀಜದ ಕಂಪನಿಗಳಿಗೆ ಪರವಾನಗಿ ಕೊಟ್ಟರು. ಒಬ್ಬರಿಗೇ ಅಲ್ಲ, ಹಲವರಿಗೆ. ನನಗೆ ಮುಖ್ಯವೆನಿಸುವುದು ಇದೇ. ನಮ್ಮ ತೆರಿಗೆ ಹಣದಲ್ಲಿ ಹುಟ್ಟಿದ ತಳಿ ಒಬ್ಬನೇ ವ್ಯಾಪಾರಿಯ ಕೈ ಸೇರಿದರೆ, ಅವನು ಹೇಳಿದ್ದೇ ದರ.

ಹೈಬ್ರಿಡ್ ಬೀಜ ಕಾದಿಟ್ಟು ಬಿತ್ತಿದರೆ ಗಿಡಕ್ಕೊಂದು ಗುಣ. ವರ್ಷ ವರ್ಷ ಕೊಳ್ಳಲೇಬೇಕು. ಸಾದಾ ತಳಿಯಾದರೆ ಹಾಗಲ್ಲ. ಬೀಜ ಉಳಿಸಿ ಬಿತ್ತುವ, ಕೊಟ್ಟು ತೆಗೆದುಕೊಳ್ಳುವ, ಬ್ರಾಂಡ್ ಹೆಸರಿಲ್ಲದೆ ಮಾರುವ ಹಕ್ಕನ್ನು 2001ರ ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ನಮಗೆ ಕೊಟ್ಟಿದೆ. ಪಾಕೀಟು ಕೊಳ್ಳುವಾಗ ಹೈಬ್ರಿಡ್ಡೋ ಸಾದಾ ತಳಿಯೋ ಎಂದು ಕೇಳಿ. ಅಂಗಡಿಯವರು ಹೇಳದಿದ್ದರೆ ಈ ಶಾಲೆಯ ಮಕ್ಕಳ ಕೈಗೆ ಕೊಡಿ, ಓದಿ ಹೇಳುತ್ತಾರೆ.