ರಸ್ತೆ ಪಂದ್ಯದ ಕಣವಲ್ಲ



ಶಿಕಾರಿಪುರದಿಂದ ಶಿರಾಳಕೊಪ್ಪದ ಮೂಲಕ ಸೊರಬಕ್ಕೆ ಹೋಗುವ ರಸ್ತೆಯನ್ನು ನೆನಪಿಗೆ ತಂದುಕೊಳ್ಳಿ. ಬಸ್ಸು, ಭತ್ತ ತುಂಬಿದ ಟ್ರ್ಯಾಕ್ಟರ್, ಬೈಕು, ಸೈಕಲ್ಲು ಎಲ್ಲಕ್ಕೂ ಅದೊಂದೇ ದಾರಿ. ಆಗ ಶಿಕಾರಿಪುರದ ಶಾಸಕರಾಗಿದ್ದ ಬಿ.ಎಸ್. ಯಡಿಯೂರಪ್ಪನವರು ಹಣಕಾಸು ಸಚಿವರಾಗಿದ್ದಾಗ, 2006-07ರಲ್ಲಿ, ಶಾಲಾ ಮಕ್ಕಳಿಗೆ ಉಚಿತ ಸೈಕಲ್ ಯೋಜನೆ ಆರಂಭವಾಯಿತು. ಹಳ್ಳಿಯ ಎಷ್ಟೋ ಹುಡುಗಿಯರು ಹೈಸ್ಕೂಲಿಗೆ ಹೋದದ್ದು ಆ ಸೈಕಲ್ಲಿನ ಮೇಲೆಯೇ.

ಮುಂದಿನ ವಾಹನವನ್ನು ಹಿಂದೆ ಹಾಕಲೇಬೇಕೆಂಬ ಹಠದಿಂದ ದೊರೆಯುವುದೇನು? ಲೆಕ್ಕ ಹಾಕೋಣ. 20 ಕಿ.ಮೀ. ದಾರಿಗೆ ಗಂಟೆಗೆ 60 ಕಿ.ಮೀ. ವೇಗದಲ್ಲಿ 20 ನಿಮಿಷ, 80ರಲ್ಲಿ 15 ನಿಮಿಷ. ಉಳಿತಾಯ ಐದೇ ನಿಮಿಷ. ಆದರೆ ಬ್ರೇಕ್ ಹಿಡಿದ ಮೇಲೆ ವಾಹನ ಸಾಗುವ ದೂರ ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. 60ರಲ್ಲಿ ಅದು 9 ಪಾಲಾದರೆ 80ರಲ್ಲಿ 16 ಪಾಲು. ಆ ಹೆಚ್ಚಿನ ಏಳು ಪಾಲಿನೊಳಗೆ ಸೈಕಲ್ಲಿನ ಹುಡುಗಿ ಇರಬಹುದು.

ಸಾರ್ವಜನಿಕ ರಸ್ತೆಯಲ್ಲಿ ಸರ್ಕಾರದ ಅನುಮತಿಯಿಲ್ಲದೆ ಮೋಟಾರು ವಾಹನಗಳ ವೇಗಸ್ಪರ್ಧೆ ನಡೆಸುವುದು 1988ರ ಮೋಟಾರು ವಾಹನ ಕಾಯ್ದೆಯ 189ನೆಯ ಕಲಮಿನ ಪ್ರಕಾರ ಅಪರಾಧ. ಹಾಗೆಂದು ನಿಧಾನವೆಂದರೆ ಅಲಕ್ಷ್ಯವಲ್ಲ. ಮೂವರು ಸಾಲಾಗಿ ಹರಟುತ್ತಾ ಸೈಕಲ್ ತುಳಿಯುವುದೂ ತಪ್ಪೇ. ಎಡಬದಿಯಲ್ಲಿ ಒಬ್ಬರ ಹಿಂದೊಬ್ಬರು ಸಾಗಿ. ತಿರುಗುವ ಮುನ್ನ ಹಿಂದೆ ನೋಡಿ, ಕೈಸನ್ನೆ ಮಾಡಿ.

ನಾಳೆ ನೀವೇ ಬೈಕು ಓಡಿಸುವಾಗ ಮುಂದೆ ಸೈಕಲ್ಲೊಂದು ಕಂಡರೆ, ಹಾರನ್ ಒತ್ತುವ ಮೊದಲು ವೇಗ ತಗ್ಗಿಸಿ. ಅಲ್ಲಿ ಸೋಲುವವರು ಯಾರೂ ಇಲ್ಲ. ಇಬ್ಬರೂ ಮನೆ ಸೇರುತ್ತೀರಿ.